ಗೋಡೆಯ ಮೇಲಿನ ಐದು ಬೆರಣಿ

ಏಪ್ರಿಲ್ ಮೂರನೆಯ ಭಾನುವಾರ, ಸಂಜೆ ಐದು ಗಂಟೆ. ಬಟವಾಡಿಯ ಮನೆ, ಹಿಂದಿನ ಕಟ್ಟೆ. ನಿಮ್ಮ ಮಗ ಊರ್ಡಿಗೆರೆಗೆ ಒಂದು ನಾಮಕರಣಕ್ಕೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಚಪ್ಪರದ ಮೇಲೆ ಸೋರೆಬಳ್ಳಿ ಇದೆ. ಕಾಯಿ ಇಲ್ಲ.

ಅತ್ತೆ,

ನಿಮಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳುತ್ತಿದ್ದವಳು ನಾನು. ಹಾಗಿರುವಾಗ ಈ ಕಾಗದವನ್ನು ನಿಮಗೆ ಯಾರು ಓದಿ ಹೇಳುತ್ತಾರೆ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದೆ. ಆದರೂ ಬರೆಯುತ್ತಿದ್ದೇನೆ. ಇದನ್ನು ನಾನು ಹೇಳಬೇಕಾಗಿರುವುದು ನಿಮ್ಮ ಮಗಳಿಗೆ. ಅವಳ ಮುಂದೆ ಬಾಯಿ ತೆರೆಯುವ ಮೊದಲು ನಿಮ್ಮ ಮುಂದೆ ಒಮ್ಮೆ ಹೇಳಿ ನೋಡಬೇಕು ಅನ್ನಿಸಿತು. ನೀವು ಬಯ್ಯುವುದಿಲ್ಲ ಎಂಬ ಧೈರ್ಯ ಇರಬಹುದು. ಅದು ಎಂಥ ಧೈರ್ಯ?

ಕಳೆದ ದಸರೆಯಲ್ಲಿ ಈ ಮನೆಗೆ ಬಂದ ದಿನ ನಿಮಗೆ ನೆನಪಿದೆಯಲ್ಲ. ಎಲ್ಲರೂ ರೂಮು ನೋಡುತ್ತಿದ್ದರೆ ನೀವು ಮಂಡಿ ಹಿಡಿದುಕೊಂಡು ನೇರ ಹಿಂದಕ್ಕೆ ಹೋದಿರಿ. ಹನ್ನೆರಡು ಅಡಿ ಅಗಲದ ಆ ಜಾಗದಲ್ಲಿ ಕಟ್ಟಡದವರು ಬಿಟ್ಟು ಹೋದ ಜಲ್ಲಿ, ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟ್ ಮೂಟೆ. ನೀವು ಕೂತು ಬೆರಳಿನಿಂದ ಕೆದಕಿ ನೋಡಿದಿರಿ. "ಇದ್ರಲ್ಲಿ ಏನ್ ಬೆಳೀತದವ್ವ, ಸಿಮೆಂಟ್ ಬೆಳೀತದೆ" ಅಂದಿರಿ. ಆಮೇಲೆ ಅಲ್ಲೇ ಕೂತು ಕೈ ತೋರಿಸುತ್ತಾ ಹಂಚಿಬಿಟ್ಟಿರಿ: "ಚಳಿ ಕಳೀಲಿ. ಶಿವರಾತ್ರಿ ಆದ್ಮೇಲೆ ಮಣ್ ಹೊಡ್ಸಣ. ಆ ಕಡೆ ಬೆಂಡೆ, ಗೋಡೆ ಪಕ್ಕ ಹರಿವೆ, ಈ ಮೂಲೇಗೆ ಸೋರೆ. ಸೋರೆಗೆ ಬಿಸ್ಲು ಬೇಕು ಕಣವ್ವ, ನಿನ್ ತರ ನೆರಳಲ್ಲಿ ಕೂತ್ರೆ ಆಗಲ್ಲ ಅದುಕ್ಕೆ."

ಸೋರೆ ಅಂದರೆ ನಿಮ್ಮ ಪಾಲಿಗೆ ಒಂದೇ ಸೋರೆ. ಕೆಳಗೆ ದುಂಡಗೆ, ಮೇಲೆ ಗಿಡ್ಡ ಕತ್ತು, ನೀರಿನ ಚೊಂಬನ್ನು ಬೋರಲು ಹಾಕಿದಂಥದ್ದು. ಮನೆಯಲ್ಲಿ ಎಲ್ಲರೂ ಅದನ್ನು ಚೊಂಬುಸೋರೆ ಅನ್ನುತ್ತಿದ್ದೆವು. ಕುಣಿಗಲ್ ಕಡೆಯ ನಿಮ್ಮ ತವರಿನಿಂದ ಮದುವೆಯಾಗಿ ಗುಬ್ಬಿಗೆ ಬರುವಾಗ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದಿರಂತೆ. ಗುಬ್ಬಿಯ ಹಿತ್ತಲಿನಲ್ಲಿ ಅಷ್ಟು ವರ್ಷ. ಮಾವ ಹೋದ ಮೇಲೆ ನೀವು ನಮ್ಮ ಜೊತೆ ಇರಲು ಬಂದಾಗ ಇಲ್ಲೇ ಬಟವಾಡಿಯ ಬಾಡಿಗೆ ಮನೆಯ ಶೆಡ್ಡಿನ ತಗಡಿನ ಮೇಲೆ ಎರಡು ವರ್ಷ. ಕಳೆದ ವರ್ಷ ಬಳ್ಳಿಯ ಕೊನೆಯ ಕಾಯಿಯನ್ನು ಬೀಜಕ್ಕೆಂದು ಒಣಗಿಸಿ, ಮನೆ ಬದಲಾಯಿಸುವಾಗ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿರಿ. ಮಿಕ್ಸಿಯನ್ನು ಕಾಲ ಬಳಿ ಇಟ್ಟಿದ್ದಿರಿ.

ಕಾರ್ತಿಕ ಕಳೆದ ಮೇಲೆ ಒಂದು ಬೆಳಿಗ್ಗೆ ಹಿಂದಿನ ಬೀದಿಯ ಹಸುವಿನ ಮನೆಯಿಂದ ಬಕೆಟ್ಟಿನಲ್ಲಿ ಸಗಣಿ ತಂದು ಕಾಂಪೌಂಡ್ ಗೋಡೆಗೆ ಐದು ಬೆರಣಿ ತಟ್ಟಿದಿರಿ. ನಿಮ್ಮ ಮಗ ಸ್ನಾನ ಮಾಡಿ ಹೊರಗೆ ಬಂದವರು ಟವೆಲಿನಲ್ಲೇ ನಿಂತು ಕೂಗಿದರು. "ಅಮ್ಮಾ! ಪೇಂಟ್ ಹೊಡೆಸಿ ಎರಡು ತಿಂಗಳಾಗಿಲ್ಲ!"

"ನಿನ್ ಪೇಂಟು ತಿನ್ನಕ್ಕಾಗ್ತದೇನ್ಲಾ?" ಅಂದಿರಿ ನೀವು, ತಿರುಗಿಯೂ ನೋಡದೆ.

ನಾನು ಇದೇ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ನಗು ಬಂತು. ಐದು ಬೆರಣಿ, ಒಂದೇ ಅಳತೆ, ಒಂದೊಂದರ ಮೇಲೂ ನಿಮ್ಮ ಐದು ಬೆರಳ ಗುರುತು. ಅದರೊಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅದಕ್ಕೆ ಬರುತ್ತೇನೆ.

ಸಂಕ್ರಾಂತಿ ಕಳೆದು ಒಂಬತ್ತನೆಯ ದಿನ ಕಾಫಿ ಲೋಟವನ್ನು ಕೆಳಗಿಟ್ಟು "ಯಾಕೋ ಎದೆ ಹಿಡ್ಕಂಡಂಗಾಗ್ತದೆ ಸುಮಾ" ಅಂದಿರಿ. ಅಷ್ಟೇ. ಅದರ ಮುಂದಿನದು ನಿಮಗೆ ಗೊತ್ತು, ಅಥವಾ ಗೊತ್ತಿಲ್ಲ. ನಾನು ಬರೆಯುವುದಿಲ್ಲ.

ನಿಮ್ಮ ಹನ್ನೊಂದನೆಯ ದಿನ ಬೆಳಿಗ್ಗೆ ಐದೂವರೆಗೆ ಕರೆಂಟು ಹೋಯಿತು. ಮನೆ ತುಂಬ ನೆಂಟರು, ಎಲ್ಲರಿಗೂ ತಲೆಸ್ನಾನ ಆಗಬೇಕು, ಗೀಸರ್ ಇಲ್ಲ. ನಿಮ್ಮ ಗುಬ್ಬಿಯ ಹಂಡೆಯನ್ನು ಅಟ್ಟದಿಂದ ಇಳಿಸಿ, ಹಿಂದುಗಡೆ ಮೂರು ಇಟ್ಟಿಗೆ ಇಟ್ಟು ಒಲೆ ಮಾಡಿದೆವು. ತೆಂಗಿನ ಗರಿ ಇಬ್ಬನಿಗೆ ನೆನೆದಿತ್ತು, ಬರೀ ಹೊಗೆ. ಯಾರೋ "ಬೆರಣಿ ಇದ್ರೆ ಹಾಕ್ರವ್ವ, ಉರಿ ನಿಲ್ತದೆ" ಅಂದರು. ನಾನು ತಲೆಯೆತ್ತಿದೆ. ಗೋಡೆಯ ಮೇಲೆ ಐದು ಇದ್ದವು, ಚೆನ್ನಾಗಿ ಒಣಗಿದ್ದವು.

ನಾನೇ ಕಿತ್ತೆ ಅತ್ತೆ. ಈ ಕೈಯಿಂದಲೇ. ಒಂದೊಂದಾಗಿ ಎಬ್ಬಿಸಿ, ಮುರಿದು, ಒಲೆಗೆ ಇಟ್ಟೆ. ಮುರಿದಾಗ ಒಳಗೆ ಬಿಳಿ ಬಿಳಿಯಾಗಿ ಏನಾದರೂ ಕಂಡಿರಬೇಕಲ್ಲವೇ? ಹೊಗೆಯಿಂದ ಕಣ್ಣು ಮುಚ್ಚಿಕೊಂಡಿದ್ದೆ. ಉರಿಯಲ್ಲಿ ಚಟಪಟ ಅಂದಿದ್ದು ನೆನಪಿದೆ. ಗರಿಯ ಸದ್ದು ಅಂದುಕೊಂಡೆ. ನಿಮ್ಮ ಮಗಳು ಮಂಜುಳ ಒಳಗೆ ಕೆಲಸದಲ್ಲಿದ್ದಳು, ಹಿಂದಕ್ಕೆ ಬಂದಿರಲಿಲ್ಲ. ಆ ನೀರಿನಲ್ಲಿ ಮೊದಲು ತಲೆಗೆ ಹಾಕಿಸಿಕೊಂಡವಳು ಅವಳೇ.

ಶಿವರಾತ್ರಿಗೆ ಐದಾರು ದಿನ ಇರುವಾಗ ಮಂಜುಳ ಕುಣಿಗಲ್‌ನಿಂದ ಫೋನು ಮಾಡಿದಳು. ಅವಳ ಮನೆ ಕೆಲಸ ಮುಗಿಯುತ್ತಾ ಬಂದಿತ್ತು. ಇಷ್ಟು ವರ್ಷ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಒಂದು ತುಳಸಿ ಕುಂಡ ಇಟ್ಟುಕೊಂಡಿದ್ದವಳಿಗೆ ಮೊದಲ ಸಲ ಸ್ವಂತದ ಒಂದು ಚೂರು ನೆಲ. "ಅತ್ತಿಗೆ, ಗೋಡೆ ಮೇಲೆ ಐದು ಬೆರಣಿ ತಟ್ಟಿದ್ದಾರಲ್ಲ ಅಮ್ಮ? ಹುಷಾರಾಗಿ ತೆಗೆದಿಡ್ರಿ. ಅದ್ರೊಳಗೆ ಇರೋದು ಚೊಂಬುಸೋರೆ ಬೀಜ. ಹುಳ ಬೀಳಬಾರ್ದು ಅಂತ ಅಮ್ಮ ಯಾವಾಗ್ಲೂ ಹಂಗೇ ಇಡೋದು. ಒಂದು ನಿಮ್ಮನೇಗೆ, ನಾಕು ನಂಗಂತೆ. ನಿಮಗೂ ಹೇಳಿದ್ದೀನಿ ಅಂದ್ರು. ಹೇಳಿದ್ರಾ?"

"ಹ್ಞೂಂ" ಅಂದೆ.

ಆ ಕ್ಷಣದಲ್ಲೇ ನೆನಪಾಯಿತು. ಬೆರಣಿ ತಟ್ಟಿದ ದಿನ ನೀವು ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತು ಏನೋ ಹೇಳಿದ್ದಿರಿ. ನಾನು ಓದುತ್ತಿದ್ದದ್ದು ಹಿಮ ಬೀಳುವ ಯಾವುದೋ ದೂರದೇಶದ ಕಾದಂಬರಿ, ಕನ್ನಡಕ್ಕೆ ಬಂದದ್ದು. ವಿಧವೆಯೊಬ್ಬಳು ತನ್ನ ಮುದಿ ಕುದುರೆಯನ್ನು ಮಾರಲು ಸಂತೆಗೆ ಹೊಡೆದುಕೊಂಡು ಹೋಗುವ ಪುಟ. ನೀವು ಹೇಳಿದಿರಿ, ನಾನು "ಹ್ಞೂಂ" ಅಂದೆ. "ಕೇಳುಸ್ತೇನವ್ವ?" ಅಂದಿರಿ. "ಹ್ಞೂಂ ಅತ್ತೆ." ನೀವು ನಕ್ಕುಬಿಟ್ಟಿರಿ. "ನೋಡ್ದೇ ಇರೋ ಕುದ್ರೆಗೆ ಕಣ್ಣೀರ್ ಹಾಕ್ತಾಳೆ, ಪಕ್ಕದಲ್ಲಿರೋ ಅತ್ತೆ ಮಾತು ಕಿವಿಗ್ ಬೀಳಲ್ಲ" ಅಂತ ಒಳಗೆ ಹೋದಿರಿ. ಫೋನು ಇಟ್ಟ ಮೇಲೆ ಆ ಪುಸ್ತಕ ತೆಗೆದು ಅದೇ ಪುಟ ಓದಿದೆ. ಕುದುರೆಯ ಕುತ್ತಿಗೆಗೆ ಅವಳು ಸುತ್ತಿದ ಶಾಲಿನ ಬಣ್ಣ ಕೂಡ ನನಗೆ ನೆನಪಿತ್ತು. ನೀವು ಹೇಳಿದ್ದರಲ್ಲಿ ಒಂದು ಮಾತೂ…

ಮಂಜುಳನಿಗೆ ಆಗಲೇ, ಆ ಫೋನಿನಲ್ಲೇ ಹೇಳಬಹುದಿತ್ತು. ಬಯ್ಯುತ್ತಿದ್ದಳು, ಅಳುತ್ತಿದ್ದಳು, ಒಂದು ತಿಂಗಳು ಮಾತು ಬಿಡುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳದೆ ಮಾರನೆಯ ದಿನ ರಜೆ ಹಾಕಿ ಗುಬ್ಬಿಯ ಬಸ್ಸು ಹತ್ತಿದೆ.

ಗುಬ್ಬಿಯ ನಿಮ್ಮ ಬೀದಿಯಲ್ಲಿ ಗಂಗಮ್ಮನವರು ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಿಮ್ಮ ಪಕ್ಕದ ಮನೆಯವರು, ನೀವು ಅಲ್ಲಿದ್ದಷ್ಟೂ ಕಾಲ ಪ್ರತಿ ವರ್ಷ ನಿಮ್ಮಿಂದ ಸೋರೆ ಸಸಿ ತೆಗೆದುಕೊಳ್ಳುತ್ತಿದ್ದವರು, ಅವರ ಬಳಿ ಇದ್ದೇ ಇರುತ್ತದೆ ಎಂದುಕೊಂಡು ಹೋಗಿದ್ದೆ. ನನ್ನನ್ನು ನೋಡಿ ಮೊದಲು ನಿಮಗಾಗಿ ಅತ್ತರು. ಆಮೇಲೆ ಮೂಗೊರೆಸಿಕೊಂಡು, "ಚೊಂಬುಸೋರೆನಾ? ಇಲ್ಕಣವ್ವ. ವರ್ಸಾ ವರ್ಸಾ ನಿಮ್ಮತ್ತೆನೇ ಸಸಿ ಮಾಡಿ ಕೊಡೋರು. ನಾವು ಕಾಯಿ ತಿಂದು ಬೀಜ ತಿಪ್ಪೆಗೆಸೀತಿದ್ವಿ. ಹೆಂಗೂ ಆಯಮ್ಮನತ್ರ ಇರ್ತದಲ್ಲ ಅಂತ."

"ಬೀದೀಲಿ ಬೇರೆ ಯಾರ ಹತ್ರಾನಾದ್ರೂ…"

"ಎಲ್ರೂ ಹಂಗೇ ಅಂದ್ಕಂಡಿದ್ರವ್ವ."

ಆದರೂ ನಾಲ್ಕು ಮನೆ ಹತ್ತಿ ಇಳಿದೆ. ಒಬ್ಬರ ಮನೆಯಲ್ಲಿ ನಿಮ್ಮ ಸೋರೆಯ ಒಣ ಬುರುಡೆ ಇತ್ತು, ಉಪ್ಪು ಹಾಕಿಟ್ಟಿದ್ದರು. ಒಳಗೆ ಕೈ ಹಾಕಿ ನೋಡಲು ಬಿಟ್ಟರು. ಉಪ್ಪು ಮಾತ್ರ ಇತ್ತು. ಕುಣಿಗಲ್ ಕಡೆಯ ನಿಮ್ಮ ತವರಿನಲ್ಲಿ ಈಗ ಯಾರೂ ಇಲ್ಲವೆಂದು, ಆ ಹಿತ್ತಲಿನ ಮೇಲೆ ರಸ್ತೆ ಬಂದಿದೆಯೆಂದು ನೀವೇ ಹೇಳಿದ್ದಿರಿ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ವಿಚಾರ ತಲೆಯಲ್ಲಿ ಸುತ್ತುತ್ತಿತ್ತು. ಒಂದು ಬೀದಿಯಷ್ಟು ಜನ ನಿಮ್ಮನ್ನು ನಂಬಿಕೊಂಡು ಬೀಜ ಎಸೆದರು. ನೀವು ನನ್ನನ್ನು ನಂಬಿದಿರಿ.

ನಿಮ್ಮ ಮಗನಿಗೆ ಆ ಸಂಜೆ ಹೇಳಿದೆ. ಅವರು ಗೋಡೆಯ ಕಡೆ ನೋಡಿದರು. ಬೆರಣಿ ಕಿತ್ತ ಕಡೆ ಐದು ದುಂಡನೆಯ ಕಲೆ ಉಳಿದಿದ್ದವು. "ಸೋರೆ ಅಂದ್ರೆ ಸೋರೆ ಕಣೇ. ಅಂಗಡೀಲಿ ಪ್ಯಾಕೆಟ್ ಸಿಗುತ್ತೆ. ಬಳ್ಳಿ ನೋಡಿ ಮಂಜುಗೆ ಏನ್ ಗೊತ್ತಾಗುತ್ತೆ?"

"ಕಾಯಿ ಬಿಟ್ಟಾಗ?"

"ಆಗ ನೋಡ್ಕೊಳ್ಳಣ ಬಿಡು."

ಅವರ ಮೇಲೆ ಹಾಕುತ್ತಿಲ್ಲ. ಅವರು ಹೇಳಿದ್ದು ಪ್ಯಾಕೆಟ್ ತರಲು ಅಷ್ಟೇ. ಉಳಿದದ್ದೆಲ್ಲ ನನ್ನದೇ.

ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ತಂದ ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಬಳಿದಿತ್ತು. ಬಿಸಿನೀರಿನಲ್ಲಿ ನಾಲ್ಕು ಸಲ ತೊಳೆದೆ, ಬಣ್ಣ ಹೋಗುವ ತನಕ ಹಳೆಯ ಬಟ್ಟೆಯಲ್ಲಿ ಉಜ್ಜಿದೆ. ಆಮೇಲೆ ಹಿಂದಿನ ಬೀದಿಗೆ ಹೋಗಿ, ನೀವು ಸಗಣಿ ತಂದಿದ್ದ ಮನೆಯಿಂದಲೇ ಸಗಣಿ ತಂದೆ. "ಅಜ್ಜಿ ಅಭ್ಯಾಸ ಸೊಸೇಗ್ ಬಂತು ನೋಡು" ಅಂದಳು ಆ ಮನೆಯಾಕೆ, ಸಂತೋಷದಿಂದ. ನನಗೆ ತಟ್ಟಲು ಬರಲಿಲ್ಲ. ಮೊದಲ ಮೂರು ಜಾರಿ ಬಿದ್ದವು. ಆಮೇಲೆ ಹದ ಸಿಕ್ಕಿತು. ಒಳಗೆ ಆ ಬೀಜ ಇಟ್ಟು, ಆ ಐದು ಕಲೆಗಳ ಮೇಲೆ ಸರಿಯಾಗಿ ಕೂರುವ ಹಾಗೆ ಐದು ತಟ್ಟಿದೆ. ಐದೇ ಇರಬೇಕಲ್ಲ. ಒಂದೊಂದರ ಮೇಲೂ ಐದು ಬೆರಳು ಒತ್ತಿದೆ. ನಿಮ್ಮ ಮಗ ಬಾಗಿಲಲ್ಲಿ ನಿಂತು ನೋಡಿ ಸ್ಕೂಟರ್ ಒರೆಸಲು ಹೋದರು. ಕಾಲೇಜಿನ ಗ್ರಂಥಾಲಯದ ಕೆಲಸದಲ್ಲಿ ಹರಿದ ಪುಸ್ತಕಕ್ಕೆ ಹಾಳೆ ಅಂಟಿಸುವಾಗ ನನಗೆ ಇರುವ ಅಚ್ಚುಕಟ್ಟು ಅವತ್ತೂ ಇತ್ತು ಅತ್ತೆ.

ಶಿವರಾತ್ರಿಗೆ ಮೊದಲಿನ ಮತ್ತು ಆಮೇಲಿನ ಭಾನುವಾರ ನಾವಿಬ್ಬರೂ ಸೇರಿ ಹಿಂದಿನ ಜಾಗ ಬಿಡಿಸಿದೆವು. ಮೊಣಕಾಲುದ್ದ ಅಗೆದರೂ ಜಲ್ಲಿ. ಹೆಬ್ಬೂರಿನಿಂದ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಬಂತು, ಊರ್ಡಿಗೆರೆಯಿಂದ ಕೊಟ್ಟಿಗೆ ಗೊಬ್ಬರ. ಟ್ರ್ಯಾಕ್ಟರ್ ಒಳಗೆ ಬರದೆ ಗೇಟಿನ ಮುಂದೆ ಸುರಿದು ಹೋದದ್ದನ್ನು ಬಾಣಲೆಯಲ್ಲಿ ಹೊತ್ತು ಹಾಕಿದೆವು. ನಿಮ್ಮ ಮಗ ಸೊಂಟ ಹಿಡಿದುಕೊಂಡು, "ಅಮ್ಮ ಇದ್ದಿದ್ರೆ ಚೇರ್ ಹಾಕ್ಕೊಂಡು ಕೂತು ಇಬ್ಬರನ್ನೂ ಬಯ್ಯೋರು" ಅಂದರು. ಹೌದು. ಆ ಬೈಗುಳವಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಬೆಂಡೆಗೆ ಎಷ್ಟು ಆಳ, ಹರಿವೆಗೆ ಎಷ್ಟು ನೀರು, ಯಾರನ್ನು ಕೇಳುವುದು? ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಿದ್ದ ನಿಮ್ಮ ಬೆಂಡೆ, ಹರಿವೆ ಬೀಜ ಸಿಕ್ಕಿತು. ಅವು ನಿಮ್ಮವೇ. ಅವನ್ನು ನಾನೇ ಬಿತ್ತಿದೆ.

ಆ ಎರಡನೆಯ ಭಾನುವಾರ ಮಧ್ಯಾಹ್ನ ಮಂಜುಳ ಬಂದಳು. ಬ್ಯಾಗು ಕೂಡ ಇಳಿಸದೆ ನೇರ ಗೋಡೆಯ ಹತ್ತಿರ ಹೋದಳು, ನಿಮ್ಮ ಹಾಗೆಯೇ. ಒಂದನ್ನು ಎಬ್ಬಿಸಿ ಕೈಯಲ್ಲಿ ಹಿಡಿದು, "ಇನ್ನೂ ಒಳಗೆ ಹಸಿ ಇದೆಯಲ್ಲ ಅತ್ತಿಗೆ?" ಅಂದಳು.

"ಇಬ್ಬನಿ ಜಾಸ್ತಿ ಇತ್ತಲ್ಲ ಈ ಸಲ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಅವಳು ಕೂತುಬಿಟ್ಟಳು. ಬೆರಣಿಯನ್ನು ಮುರಿಯಲಿಲ್ಲ. ಅದರ ಮೇಲಿನ ಬೆರಳ ಗುರುತಿನಲ್ಲಿ ತನ್ನ ಒಂದೊಂದೇ ಬೆರಳನ್ನು ಇಟ್ಟಳು. "ಅಮ್ಮನ ಕೈ ನೋಡಿ ಅತ್ತಿಗೆ. ಇಷ್ಟು ಚಿಕ್ಕದಾಗಿತ್ತಾ? ನಾನು ಗಮನಿಸಿರಲೇ ಇಲ್ಲ." ಹಾಗೆಯೇ ಹಿಡಿದುಕೊಂಡು ಅತ್ತಳು. ಮೂಸಿ ನೋಡಿದಳು. ನಾನು ಕಟ್ಟೆಯ ಮೇಲೆ ಕೂತು ನನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. ನೀವು ಹೋದಾಗ ಅವಳು ಅತ್ತಿರಲಿಲ್ಲ ಅತ್ತೆ. ಹನ್ನೊಂದು ದಿನವೂ ಕೆಲಸ ಮಾಡುತ್ತಲೇ ಇದ್ದಳು. ಮೊದಲ ಸಲ ಅತ್ತದ್ದು ಅವತ್ತು, ನನ್ನ ಕೈಯ ಗುರುತು ಹಿಡಿದುಕೊಂಡು. ಆಗ ಹೇಗೆ ಹೇಳಲಿ?

ಒಂದನ್ನು ಒಡೆದು ಆ ಮೂಲೆಯಲ್ಲಿ ಅವಳೇ ಬಿತ್ತಿದಳು. ಉಳಿದ ನಾಲ್ಕನ್ನು ನಿಮ್ಮ ಹಸಿರು ಸೀರೆಯಲ್ಲಿ ಸುತ್ತಿ ಕುಣಿಗಲ್‌ಗೆ ಒಯ್ದಳು. ಗೃಹಪ್ರವೇಶದ ದಿನ ಹೊಸ ಮನೆಯ ಹಿಂದೆ ಹಾಕುತ್ತಾಳಂತೆ.

ಯುಗಾದಿಯ ಹೊತ್ತಿಗೆ ಬಳ್ಳಿ ಚಪ್ಪರ ಮುಟ್ಟಿತ್ತು. ನಿಮ್ಮ ಬೆಂಡೆಯೂ ಮೊಣಕಾಲೆತ್ತರ ಬಂದಿತ್ತು. ಹರಿವೆಯನ್ನು ಎರಡು ಸಲ ಚಿವುಟಿ ಹುಳಿ ಮಾಡಿದ್ದೆವು. ಯಾರು ನೋಡಿದರೂ ಒಳ್ಳೆಯ ಕೈತೋಟ ಅನ್ನಬೇಕು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಬಗ್ಗಿ ಹಾಗೆಯೇ ಅಂದರು. ನಾನು ಆ ಮೂಲೆಯ ಕಡೆ ನೋಡದೆ ಬೆಂಡೆಗೆ ನೀರು ಹಾಕುತ್ತಿದ್ದೆ. ಒಂದು ಸಂಜೆ ಮೊದಲ ಬಿಳಿ ಹೂ ಅರಳಿತು, ಗಂಡು ಹೂ. ಇನ್ನು ಎಷ್ಟು ದಿನ ಎಂದು ಅಂದುಕೊಂಡೆ.

ಹೆಣ್ಣು ಹೂ ಕಾಣಿಸಿಕೊಂಡದ್ದು ಏಪ್ರಿಲ್ ಮೊದಲ ವಾರ. ಸೋರೆಯ ಹೆಣ್ಣು ಹೂ ಎಂಥದ್ದು ಎಂದು ನೀವೇ ತೋರಿಸಿದ್ದಿರಿ. ಅರಳುವ ಮೊದಲೇ ಮೊಗ್ಗಿನ ಬುಡದಲ್ಲಿ ಉಗುರಿನಷ್ಟು ಕಾಯಿ, ಮೈತುಂಬ ರೋಮ. ನಿಮ್ಮದರಲ್ಲಿ ಆ ಉಗುರಿನಷ್ಟರಲ್ಲೇ ಚೊಂಬು ಕಾಣುತ್ತಿತ್ತು. ಇದರಲ್ಲಿ ಕಂಡದ್ದು ಉದ್ದಕ್ಕೆ, ಸಣ್ಣಗೆ, ಮಾರ್ಕೆಟ್ಟಿನ ಸೋರೆ. ಅದು ಬೆಳೆಯುವವರೆಗೂ ಕಾಯಬೇಕಾಗಿಯೇ ಇಲ್ಲ. ಮಂಜುಳನ ಕಣ್ಣಿಗೆ ಬಿದ್ದ ಕ್ಷಣವೇ ಗೊತ್ತಾಗುತ್ತದೆ.

ನಾನು ಅದನ್ನು ಚಿವುಟಿದೆ. ಮಾರನೆಯ ದಿನ ಮತ್ತೆರಡು. ಅಲ್ಲಿಂದ ದಿನಾ ಸಂಜೆ ಕಾಲೇಜಿನಿಂದ ಬಂದು, ಕಾಲು ತೊಳೆಯುವ ಮೊದಲು, ಚಪ್ಪರದ ಕೆಳಗೆ ನಿಂತು ಎಲೆ ಎತ್ತಿ ಎತ್ತಿ ಹುಡುಕಿ ಹೆಣ್ಣು ಹೂಗಳನ್ನೆಲ್ಲ ಕೀಳುತ್ತಿದ್ದೇನೆ. ಕಿತ್ತದ್ದನ್ನು ಪೇಪರಿನಲ್ಲಿ ಸುತ್ತಿ ಗೊಬ್ಬರದ ಗುಂಡಿಯ ತಳಕ್ಕೆ. ಕಾಯಿ ಕಚ್ಚಲು ಬಿಡದೆ ಇದ್ದರೆ ಬಳ್ಳಿ ಇನ್ನಷ್ಟು ಹೆಣ್ಣು ಹೂ ಬಿಡುತ್ತದೆ ಎಂದು ಗೊತ್ತಿರಲಿಲ್ಲ. ನೀವು ಹೇಳಿದ್ದಿರೋ ಏನೋ, ನಾನು ಕೇಳಿಸಿಕೊಂಡಿರಲಿಕ್ಕಿಲ್ಲ. ಎಷ್ಟು ಕಿತ್ತರೂ ಮುಗಿಯುವುದಿಲ್ಲ ಅತ್ತೆ. ಒಂದು ಗಿಡದ ಮುಂದೆ ಮನುಷ್ಯ ಇಷ್ಟು ಸೋಲಬಹುದು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಕಳೆದ ಭಾನುವಾರ ಮಂಜುಳ ಬಂದಾಗ ಚಪ್ಪರದ ತುಂಬ ಗಂಡು ಹೂ. ಅವಳು ಕತ್ತು ಮೇಲೆತ್ತಿ ನಿಂತೇ ಇದ್ದಳು. "ಇಷ್ಟು ಹೂ ಬಿಟ್ಟಿದೆ, ಒಂದು ಪಿಂದೆ ಇಲ್ಲ. ಒಂದು ಹೆಣ್ಣು ಹೂ ಕೂಡ ಇಲ್ಲ ಅತ್ತಿಗೆ. ಗುಬ್ಬೀಲಿ ಯಾವತ್ತೂ ಹಿಂಗಾಗಿಲ್ಲ."

"ಮಣ್ಣು ಹೊಸದಲ್ವಾ" ಅಂದೆ.

"ಮಣ್ಣಲ್ಲ ಬಿಡಿ." ಅವಳು ಕಟ್ಟೆಯ ಮೇಲೆ ಕೂತಳು, ನೀವು ಕೂರುತ್ತಿದ್ದ ಜಾಗದಲ್ಲಿ. "ಹೋಗೋಕೆ ಮೂರು ದಿನ ಮುಂಚೆ ಅಮ್ಮ ಫೋನ್ ಮಾಡಿದ್ರು. ಬಾ ಮಂಜಿ, ಬೆರಣಿ ತಗೊಂಡ್ ಹೋಗು ಅಂತ. ಮನೆ ಕೆಲಸದವರು ಬೇರೆ ತಲೆ ತಿಂತಿದ್ರು. ಆ ಸಗಣಿ ಹೊತ್ಕೊಂಡು ಬಸ್ಸಲ್ಲಿ ಯಾರಮ್ಮ ಬರ್ತಾರೆ, ಮುಂದಿನ ತಿಂಗಳು ನೋಡಣ ಅಂದೆ. ರೇಗಿದೆ ಅತ್ತಿಗೆ. ಅಮ್ಮ ಆಯ್ತು ಬುಡು ಅಂದು ಇಟ್ಬಿಟ್ರು." ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಗಂಡು ಹೂವನ್ನು ಎತ್ತಿಕೊಂಡಳು. "ಅದಕ್ಕೇ ಕೊಡ್ತಿಲ್ಲ ಅವರು. ನನ್ ಮೇಲಿನ ಸಿಟ್ಟು."

"ಏನ್ ಮಾತು ಅಂತ ಆಡ್ತೀಯ ಮಂಜುಳ? ಅತ್ತೆ ಅಂಥವರಾ?"

"ಅಂಥವರಲ್ಲ. ಅದಕ್ಕೇ ಹೇಳ್ತಿರೋದು. ಅಂಥವರಿಗೇ ಸಿಟ್ಟು ಬರ್ಬೇಕಾದ್ರೆ ನಾನು ಎಷ್ಟು ನೋಯಿಸಿರ್ಬೇಕು." ಆಮೇಲೆ ತುಂಬ ಮೆಲ್ಲಗೆ, "ಗೃಹಪ್ರವೇಶ ನಿಲ್ಸಿದ್ದೀನಿ. ಈ ಬಳ್ಳೀಲಿ ಒಂದು ಕಾಯಿ ಬಿಡ್ಲಿ. ಹೊಸ ಒಲೆ ಮೇಲೆ ಮೊದಲು ಅದರ ಹುಳಿ ಆಗ್ಬೇಕು. ಅಲ್ಲೀತನಕ ಬೇಡ ಅಂದಿದ್ದೀನಿ. ನಮ್ಮನೆಯವರು ಬಯ್ತಿದ್ದಾರೆ, ಬಯ್ಲಿ."

ಹೊರಡುವಾಗ ಬಳ್ಳಿಯ ಬುಡಕ್ಕೆ ಒಂದು ಚೊಂಬು ನೀರು ಹಾಕಿ, ಎರಡು ಬೆರಳಿಂದ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಜೊತೆಗೆ ಹೋಗಿ ಬಸ್ಸಿಗೆ ಹತ್ತಿಸಿ ಬಂದೆ. ಬಂದವಳು ಏನು ಮಾಡಿದೆ ಗೊತ್ತಾ? ಎಲೆ ಎತ್ತಿ ಮೂರು ಹೆಣ್ಣು ಹೂ ಕಿತ್ತೆ.

ನಿಮಗೆ ಮಗಳ ಮೇಲೆ ಸಿಟ್ಟಿರಲಿಲ್ಲ, ಅದು ನನಗೆ ಗೊತ್ತು. ಅವಳ ಫೋನು ಇಟ್ಟ ಮೇಲೆ ನೀವು ನನ್ನ ಹತ್ತಿರ ಬಂದು, "ಮಂಜಿಗೆ ಮನೆ ಕಟ್ಟೋ ಜೋರು ಬಂದೈತೆ, ಏನ್ ಗತ್ತು ನೋಡು" ಎಂದು ಹೆಮ್ಮೆಯಿಂದ ನಕ್ಕಿದ್ದಿರಿ. ಅದನ್ನು ಮಾತ್ರ ಕೇಳಿಸಿಕೊಂಡಿದ್ದೆ. ಅವಳಿಗೆ ಇದನ್ನಾದರೂ ಹೇಳಬಹುದಲ್ಲ? ಆದರೆ ಹೇಳಿದರೆ ಅವಳು ಬಳ್ಳಿಯ ಕಡೆ ಕೈ ತೋರಿಸುತ್ತಾಳೆ. ಮತ್ಯಾಕೆ ಕಾಯಿ ಬಿಡ್ತಿಲ್ಲ ಎನ್ನುತ್ತಾಳೆ. ನಿಮ್ಮ ನಗುವಿಗಿಂತ ಆ ಬಳ್ಳಿಯನ್ನೇ ನಂಬುತ್ತಾಳೆ. ಅದರ ಬಾಯಿ ಮುಚ್ಚಿಸಿದವಳು ನಾನು. ನೀವು ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ, ನಿಮ್ಮನ್ನು ಮಗಳ ಮೇಲೆ ಹಗೆ ಸಾಧಿಸುವವರನ್ನಾಗಿ ಮಾಡಿಬಿಟ್ಟೆ.

ಮೊನ್ನೆ ಶುಕ್ರವಾರ ಅಶ್ವಿನಿ ಮಳೆ ನಾಲ್ಕು ಹನಿ ಬಿತ್ತು. ಪೇಂಟಿನವನು ಬಂದಿದ್ದ, ಮುಂದಿನ ಗೇಟಿಗೆ ಎರಡನೆಯ ಕೋಟು ಹೊಡೆಯಲು. ಹಿಂದಿನ ಗೋಡೆಯ ಐದು ಕಲೆ ನೋಡಿ, "ಇದನ್ನೂ ಉಜ್ಜಿ ಹೊಡೆದ್ಬಿಡ್ಲಾ ಸಾರ್?" ಅಂದ. ನಿಮ್ಮ ಮಗ, ಎರಡು ತಿಂಗಳ ಪೇಂಟಿಗೆ ಟವೆಲಿನಲ್ಲಿ ನಿಂತು ಕೂಗಿದ್ದವರು, "ಆ ಜಾಗ ಬಿಟ್ಬಿಡಪ್ಪ" ಅಂದರು. ಅವನು ಬಿಟ್ಟ. ನಾನು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಒಂದೊಂದು ಮಾತೂ ಕೇಳಿಸಿಕೊಂಡೆ ಅತ್ತೆ.

ಇವತ್ತು ಬೆಳಿಗ್ಗೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಬೀಜ ಹೋಯಿತು. ಅದನ್ನು ಯಾರೂ ತರಲಾರರು. ನಾನು ಅತ್ತರೂ ತರಲಾರೆ, ಹೇಳಿದರೂ ತರಲಾರೆ. ಮಂಜುಳ ನನ್ನ ಮನೆಯ ಮೆಟ್ಟಿಲು ಹತ್ತದೆ ಹೋಗಬಹುದು. ಆದರೆ ತನ್ನ ತಾಯಿ ತನಗೆ ಒಂದು ಕಾಯಿ ಕೊಡಲೊಲ್ಲಳು ಎಂದುಕೊಂಡು ಅವಳು ಬೀಗ ಹಾಕಿದ ಹೊಸ ಮನೆಯ ಮುಂದೆ ನಿಂತಿರುವುದು…

ಮುಂದಿನ ಭಾನುವಾರ ಅವಳು ಇಲ್ಲಿಗೆ ಬರುವವರೆಗೆ ಕಾಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಬುಧವಾರಕ್ಕೆ ರಜೆ ಬರೆದಿಟ್ಟಿದ್ದೇನೆ, ಅರ್ಜಿ ಬ್ಯಾಗಿನಲ್ಲಿದೆ, ನಾಳೆ ಕೊಡಬೇಕು. ಬೆಳಗಿನ ಬಸ್ಸಿಗೆ ಕುಣಿಗಲ್. ಅವಳ ಹೊಸ ಮನೆಯ ಹಿಂದೆ, ಇನ್ನೂ ಜಲ್ಲಿ ತೆಗೆಯದ ಆ ನೆಲದ ಹತ್ತಿರ, ನಿಮ್ಮ ಹಸಿರು ಸೀರೆಯ ಗಂಟು ತರಿಸಿ ಬಿಚ್ಚಿಸುತ್ತೇನೆ. ಹಂಡೆಯ ನೀರಿನ ಮಾತು ಆಮೇಲೆ. ಮೊದಲು ಒಂದು ಬೆರಣಿ ತೆಗೆದುಕೊಂಡು ಅದರ ಮೇಲಿನ ಗುರುತಿನಲ್ಲಿ ನನ್ನ ಐದು ಬೆರಳು ಇಟ್ಟು ತೋರಿಸುತ್ತೇನೆ. ಮಾತಿನಲ್ಲಿ ಶುರು ಮಾಡಿದರೆ ನಾನು ಮತ್ತೆ ಇಬ್ಬನಿ ಎಂದುಬಿಡಬಹುದು.

ನಿಮ್ಮ ನಗುವಿನ ವಿಷಯ ಕೊನೆಗೆ ಹೇಳುತ್ತೇನೆ. ಅಷ್ಟು ಹೊತ್ತಿಗೆ ಅವಳು ನನ್ನ ಮಾತು ಕೇಳುತ್ತಿದ್ದರೆ.

ಈಗ ಆರು ಗಂಟೆ. ಹೂ ಬಿಚ್ಚುವ ಹೊತ್ತು. ಇಲ್ಲಿಂದಲೇ ಎರಡು ಹೆಣ್ಣು ಹೂ ಕಾಣುತ್ತಿವೆ, ಒಂದು ಎಲೆಯ ಮರೆಯಲ್ಲಿ, ಇನ್ನೊಂದು ಚಪ್ಪರದ ಗಳಕ್ಕೆ ತಾಗಿ ಉದ್ದಕ್ಕೆ ಇಳಿಬಿದ್ದಿದೆ. ಕಟ್ಟೆಯಿಂದ ಎದ್ದಿಲ್ಲ. ಇವತ್ತು ಕೀಳುವುದಿಲ್ಲ ಅಂದುಕೊಂಡಿದ್ದೇನೆ.

ನಿಮ್ಮ ಸೊಸೆ,
ಸುಮಾ